ಯುವರಾಜನ ಕೂಗನ್ನು ತಡೆದ ಹಾಳೆ

“ಕೇಳ್ರಪ್ಪೋ ಕೇಳಿ! ದೊರೆ ಚಂಡವರ್ಮರ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ, ತಪ್ಪಿದವರಿಗೆ ಶೂಲ!”

ಡಂಗುರ ಕೇಳಿ ಊರೆಲ್ಲ ಅರಮನೆಯ ಆಸ್ಥಾನದಲ್ಲಿ ನೆರೆಯಿತು. ಯುವರಾಜ ಗಡಿಯಲ್ಲಿ ಸತ್ತಂದಿನಿಂದ ದೊರೆಯ ತಲೆ ನೆಟ್ಟಗಿಲ್ಲ, ಆದರೂ ಅರ್ಧ ರಾಜ್ಯ ಅಂದರೆ ಯಾರಿಗೆ ಬೇಡ? ಗುಂಪಿನಲ್ಲಿ ಹೊನ್ನಿ ಮಾತ್ರ ಅಣ್ಣ ಬೈರನ ತೋಳು ಬಿಗಿಯಾಗಿ ಹಿಡಿದಿದ್ದಳು. ಇಬ್ಬರೂ ಅರಮನೆಯ ಅಚ್ಚುಮನೆಯ ಆಳುಗಳು. ಬೈರ ಬಾಗುವ ಪ್ಲಾಸ್ಟಿಕ್ ಹಾಳೆಯ ಮೇಲೆ ಯಂತ್ರದಿಂದ ಶಾಯಿ ಹನಿಸಿ ರೇಡಿಯೋಗಳಿಗೆ ಫಿಲ್ಟರು ಬರೆಯುವವನು. ಹೊನ್ನಿ ಆ ಹಾಳೆಯನ್ನು ಒಲೆಯಲ್ಲಿಟ್ಟು ಕಾಯಿಸುವವಳು.

ದೊರೆ ಮೊದಲನೆಯದನ್ನು ಕೇಳಿದ. “ಸಾವಿರ ಜನ ಒಟ್ಟಿಗೇ ಕೂಗಿದರೂ ಒಬ್ಬನನ್ನೇ ಒಳಗೆ ಬಿಡುವ ಕಾವಲುಗಾರ. ಕಣ್ಣಿಲ್ಲ, ಕಿವಿಯಿಲ್ಲ. ಯಾರು?”

“ಯಮಧರ್ಮ!” ಅಂದ ಒಬ್ಬ ಪಂಡಿತ. ಭಟರು ಎಳೆದೊಯ್ದರು.

“ತಾಯಿ, ಪ್ರಭು. ತನ್ನ ಕೂಸಿನ ದನಿ ಒಂದೇ ಅವಳಿಗೆ,” ಅಂದ ಒಬ್ಬ ಸಾಹುಕಾರನ ಮಗ.

“ತಾಯಿಗೆ ಕಿವಿಯಿಲ್ಲವೇನೋ?” ಅವನೂ ಹೋದ. ಹೊರಗಿನಿಂದ ಎರಡು ಚೀರಾಟ ಕೇಳಿಸಿತು.

ಬೈರ ತಂಗಿಯ ಕೈ ಕೊಡವಿ ಮುಂದೆ ಹೋದ. “ರೇಡಿಯೋ ಫಿಲ್ಟರು, ಬುದ್ದಿ. ಗಾಳಿ ತುಂಬ ದನಿಯಿದ್ದರೂ ತನಗೆ ಒಪ್ಪಿದ್ದನ್ನೇ ಬಿಡುತ್ತೆ.”

“ಸರಿ. ನೀರಿನ ಹಾಗೆ ಬೀಳುತ್ತೆ, ಬಿಸಿ ತಾಗಿದರೆ ಲೋಹವಾಗುತ್ತೆ. ಏನದು?”

“ಬೆಳ್ಳಿ ಶಾಯಿ.”

“ಯಂತ್ರ ಸರಿ, ಶಾಯಿ ಸರಿ, ಬರೆದ ಕೈಯೂ ಸರಿ. ಆದರೂ ಸಾಯುವ ಮುಂಚೆ ನನ್ನ ಮಗ ಗಡಿಯಿಂದ ನೆರವಿಗೆ ಕೂಗಿದ್ದನ್ನು ಅರಮನೆ ರೇಡಿಯೋದ ಹಾಳೆ ಒಳಗೆ ಬಿಡಲಿಲ್ಲ. ಅವನನ್ನು ಕೊಂದದ್ದು ಯಾರು?”

ಬೈರ ಕೈ ಮುಗಿದ. “ಶತ್ರುಗಳು, ಬುದ್ದಿ.”

“ತಪ್ಪು.”

ಭಟರು ಅವನ ಕೈ ಕಟ್ಟಿದರು. ಹೊನ್ನಿಗೆ ಉತ್ತರ ಗೊತ್ತಿತ್ತು. ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ, ಪಾಪಿ! ಈಗ ಗುಂಪನ್ನು ತಳ್ಳಿಕೊಂಡು ಮುನ್ನುಗ್ಗಿದಳು.

“ನಾನು, ಬುದ್ದಿ! ಕೊಂದವಳು ನಾನು! ಹಾಳೆಯನ್ನು ಮೂರು ದಿನ ಸಣ್ಣ ಕಾವಿನಲ್ಲಿ ಕಾಯಿಸಬೇಕು. ಒಂದೇ ದಿನಕ್ಕೆ ಬೇಕು ಅಂತ ಅಪ್ಪಣೆ ಬಂತು. ಒಲೆ ಜೋರು ಮಾಡಿದೆ, ಹಾಳೆ ಕೂದಲೆಳೆಯಷ್ಟು ಕುಗ್ಗಿತು. ಶಾಯಿಯ ಗೆರೆ ಗಿಡ್ಡವಾದರೆ ಫಿಲ್ಟರು ಬೇರೆ ದನಿಗೆ ಬಾಗಿಲು ತೆಗೆಯುತ್ತೆ. ಅಳತೆ ಹಿಡಿದು ನೋಡಿದೆ, ಗೊತ್ತಾಯಿತು. ತಡವಾದರೆ ತಲೆ ಹೋಗುತ್ತೆ ಅಂತ ಹೆದರಿ ಹಾಗೇ ಕಳಿಸಿಬಿಟ್ಟೆ.”

“ಅಪ್ಪಣೆ ಯಾರದು?”

“ಮುದ್ರೆ ತಮ್ಮದೇ, ಬುದ್ದಿ.”

ದೊರೆ ಕೈಯೆತ್ತಿ ಭಟರನ್ನು ತಡೆದ.

“ಅಣ್ಣನವು ಎರಡು, ನಿನ್ನದೊಂದು, ಮೂರೂ ಸರಿ. ನಿನಗೆ ಶೂಲ ಹಾಕಿದರೆ ಪಕ್ಕದಲ್ಲಿ ನನಗೂ ಒಂದು ನೆಡಬೇಕು. ಅಣ್ಣನನ್ನು ಕರಕೊಂಡು ಹೋಗು, ಅರ್ಧ ರಾಜ್ಯ ನಿನ್ನದು. ಒಂದು ಹೇಳಮ್ಮ. ಹಾಳೆ ಸರಿಯಿದ್ದಿದ್ದರೆ ನನ್ನ ಮಗನ ದನಿ ಕೇಳಿಸ್ತಿತ್ತಾ?”

ಸುಳ್ಳು ಹೇಳೋಣವೇ ಅನ್ನಿಸಿತು ಅವಳಿಗೆ.

“ಕೇಳಿಸ್ತಿತ್ತು, ಬುದ್ದಿ. ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ.”

ದೊರೆ ಮುಖ ಮುಚ್ಚಿಕೊಂಡು ಹೋ ಎಂದು ಅತ್ತ. ಹೊನ್ನಿ ಅಣ್ಣನ ಕಟ್ಟು ಬಿಚ್ಚತೊಡಗಿದಳು.