ಲಾರಿ ಹತ್ತಿದ ಮೊಲಗಳು

"ಗುರುಗಳೇ, ಬಾಯಿಬಿಟ್ಟು ಹೇಳಲಾಗದ ಮಾತನ್ನು ನಗುವ ಚಿತ್ರದೊಳಗೆ ಬಚ್ಚಿಟ್ಟರೆ, ಅದನ್ನು ಹೇಳಿದಂತೆಯೇ ಆಗುವುದಿಲ್ಲವೇ?"

ಚಿತ್ರಕಲೆ ಕಲಿಯುತ್ತಿದ್ದ ತೋಂಟೇಶ ಹೀಗೆ ಕೇಳಿದ. ಅವನು ಈಚೆಗೆ ಕಾರ್ಟೂನು ಪ್ರಾಣಿಗಳನ್ನೇ ದೊಡ್ಡ ದೊಡ್ಡ ಹಲಗೆಗಳ ಮೇಲೆ ಬರೆಯುತ್ತಿದ್ದ. ಗುರು ಮಹಾಲಿಂಗಯ್ಯನವರು ಕುಂಚ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಕುಳಿತು, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಆ ಊರಿನ ನೇಕಾರರು ಕೂಲಿ ಸಾಲದೆಂದು ಮಗ್ಗ ನಿಲ್ಲಿಸಿದರು. ಒಂದು ಬೆಳಗಿನ ಜಾವ ಪೇದೆಗಳು ಅವರಲ್ಲಿ ಕೆಲವರನ್ನು ಲಾರಿಗೆ ಹತ್ತಿಸಿಕೊಂಡು ಹೋದರು. ಹೋದವರು ತಿರುಗಿ ಬರಲಿಲ್ಲ. ಅವರು ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದಾರೆ ಎಂದು ಊರಿನ ಅಧಿಕಾರಿ ಸಾರಿಸಿದ. ಹಾಗಲ್ಲ ಎಂದವರೂ ಕಾಣೆಯಾದರು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಆದರೆ ಚಿತ್ರಗಾರನು ತನ್ನ ಮಹಡಿಯಿಂದ ಎಲ್ಲವನ್ನೂ ಕಂಡಿದ್ದ. ತುಂಬಿದ ಲಾರಿ ಹಾಳುಬಿದ್ದ ಕಲ್ಲುಗಣಿಯ ಕಡೆಗೆ ಹೋದದ್ದನ್ನೂ, ಖಾಲಿಯಾಗಿ ಬಂದದ್ದನ್ನೂ ಕಂಡಿದ್ದ. ಅವನಿಗೆ ಅನ್ನ ಇಳಿಯದಾಯಿತು. ಹೇಳಲು ಧೈರ್ಯವಿಲ್ಲ, ಹೇಳದೆ ಇರಲೂ ಆಗದು. ಕೊನೆಗೆ ಒಂದು ಚಿತ್ರ ಬರೆದ. ಟೋಪಿ ಹಾಕಿದ ಡೊಳ್ಳುಹೊಟ್ಟೆಯ ಕರಡಿಯೊಂದು ಆಟದ ಲಾರಿ ಓಡಿಸುತ್ತಿದೆ. ಲಾರಿಯ ತುಂಬ ಮೊಲಗಳು. ಎಲ್ಲವೂ ಹಲ್ಲು ಕಿರಿದು ಕೈಬೀಸುತ್ತಿವೆ. ಎದುರಿಗೆ ಗುಡ್ಡವೂ ಬಾಯಿ ತೆರೆದು ನಗುತ್ತಿದೆ.

ಚಿತ್ರ ಊರಿಗೆಲ್ಲ ಹಿಡಿಸಿತು. ಅಧಿಕಾರಿಯೇ ಬಂದು ನೋಡಿ, "ಕರಡಿಯ ಹೊಟ್ಟೆ ಥೇಟ್ ನನ್ನದೇ!" ಎಂದು ನಕ್ಕು, ಅದನ್ನು ಸಭಾಭವನದಲ್ಲಿ ತೂಗುಹಾಕಿಸಿದ. ಮೊಲಗಳು ಮಕ್ಕಳ ಶಾಲೆಯ ಚೀಲದ ಮೇಲೂ ಬಂದವು. ಚಿತ್ರಗಾರ ಒಳಗೊಳಗೇ ಹಿಗ್ಗಿದ. ಅಧಿಕಾರಿಯ ಗೋಡೆಯ ಮೇಲೆಯೇ ಅವನ ಪಾಪವನ್ನು ಬರೆದಿಟ್ಟೆ ಎಂದುಕೊಂಡ. ಅಂದಿನಿಂದ ಹೊಟ್ಟೆತುಂಬ ಉಂಡ.

ಒಂದು ದಿನ ನೇಕಾರರ ಬೀದಿಯ ಹೆಂಗಸೊಬ್ಬಳು ಚಿತ್ರ ನೋಡಿದಳು. ಅವಳು ನಗಲಿಲ್ಲ. ನೇರವಾಗಿ ಚಿತ್ರಗಾರನ ಮನೆಗೆ ಬಂದಳು.

"ಅಣ್ಣಾ, ಕೊನೆಯ ಮೊಲದ ಒಂದು ಕಿವಿ ಹರಿದಿದೆ. ಕೊರಳಲ್ಲಿ ಹಸಿರು ಚೌಕಳಿಯ ಟವೆಲಿದೆ. ಅದು ನನ್ನ ಗಂಡ. ನೀವು ನೋಡಿದ್ದೀರಿ."

ಚಿತ್ರಗಾರನ ಕಣ್ಣು ತುಂಬಿ ಬಂತು. ಕೊನೆಗೂ ಒಬ್ಬರಿಗೆ ತನ್ನ ಚಿತ್ರ ಅರ್ಥವಾಯಿತಲ್ಲ ಎಂದು ಅವನಿಗೆ ಸಂತೋಷವೇ ಆಯಿತು. ಬಾಗಿಲು ಹಾಕಿ, ಕಂಡದ್ದನ್ನೆಲ್ಲ ಪಿಸುಮಾತಿನಲ್ಲಿ ಹೇಳಿದ. ಅವಳು ಗೋಡೆಗೆ ಒರಗಿದಳು. ಆಮೇಲೆ, "ಇದನ್ನು ನಾಲ್ಕು ಜನರೆದುರು ಹೇಳುತ್ತೀರಾ?" ಎಂದು ಕೇಳಿದಳು.

"ಚಿತ್ರವೇ ಹೇಳುತ್ತಿದೆಯಲ್ಲ, ತಾಯಿ."

"ಅದನ್ನು ನೋಡಿ ಎಲ್ಲರೂ ನಗುತ್ತಿದ್ದಾರೆ, ಅಣ್ಣಾ. ನಾನೇ ಹೇಳುತ್ತೇನೆ. ನಿಮ್ಮನ್ನು ಕೇಳಿದಾಗ ಹೌದೆಂದರೆ ಸಾಕು."

ಅವನು ಆಗಲೆಂದು ತಲೆಯಾಡಿಸಿದ.

ಸಭಾಭವನದಲ್ಲಿ ಜನ ಸೇರಿದ್ದ ದಿನ ಅವಳು ಚಿತ್ರದ ಮುಂದೆ ನಿಂತಳು. ಹರಿದ ಕಿವಿಯನ್ನು ತೋರಿಸಿದಳು, ಗಂಡನ ಹೆಸರು ಹೇಳಿದಳು, ನಗುವ ಗುಡ್ಡದ ಬಾಯಿ ಆ ಕಲ್ಲುಗಣಿಯೇ ಎಂದು ಹೇಳಿದಳು. ಜನರ ನಗು ನಿಂತುಹೋಯಿತು. ಮುಂದಿನ ಸಾಲಿನ ಮುದುಕನೊಬ್ಬ ಎದ್ದು ನಿಂತ. ಅವನ ಮಗನೂ ತಿರುಗಿ ಬಂದಿರಲಿಲ್ಲ. ಅವನ ಹಿಂದೆ ಇನ್ನೂ ಕೆಲವರು ಎದ್ದರು.

ಅಧಿಕಾರಿ ಸಿಟ್ಟಾಗಲಿಲ್ಲ. ಚಿತ್ರಗಾರನನ್ನು ಹತ್ತಿರ ಕರೆದು, "ಈಕೆ ಹೇಳುವುದು ನಿಜವೇನಪ್ಪಾ? ನೀನು ಬರೆದದ್ದು ಅದನ್ನೇ?" ಎಂದು ಕೇಳಿದ.

ಚಿತ್ರಗಾರ ಅವಳ ಮುಖ ನೋಡಿದ. ಬಾಗಿಲಲ್ಲಿದ್ದ ಪೇದೆಗಳನ್ನು ನೋಡಿದ.

"ಬರೀ ಮೊಲಗಳು, ಸ್ವಾಮಿ. ಮಕ್ಕಳಿಗಾಗಿ ಬರೆದದ್ದು."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಿಂತವರು ಒಬ್ಬೊಬ್ಬರಾಗಿ ಕುಳಿತರು. ಮುದುಕ ಕೊನೆಯಲ್ಲಿ ಕುಳಿತ. ಹೆಂಗಸು ಅಳಲಿಲ್ಲ, ಚಿತ್ರಗಾರನನ್ನು ಬೈಯಲೂ ಇಲ್ಲ. ಇಬ್ಬರು ಪೇದೆಗಳ ನಡುವೆ ಹೊರಗೆ ನಡೆದಳು. ಅವಳೂ ತಿರುಗಿ ಬರಲಿಲ್ಲ.

ಚಿತ್ರಗಾರ ಎಷ್ಟೋ ದಿನ ಮನೆಯಿಂದ ಹೊರಗೆ ಬರಲಿಲ್ಲ. ಬಂದಾಗ ಅವನ ಕೈಯಲ್ಲಿ ಇನ್ನೊಂದು ಚಿತ್ರವಿತ್ತು. ಎರಡು ನಾಯಿಗಳ ನಡುವೆ ಕುಣಿಯುತ್ತ ಹೋಗುವ ಗುಬ್ಬಚ್ಚಿ. ಗುಬ್ಬಚ್ಚಿಗೆ ಅವಳ ಸೀರೆಯ ಬಣ್ಣ ಹಾಕಿದ್ದ. ಅಧಿಕಾರಿ ಅದನ್ನೂ ಮೊದಲಿನದರ ಪಕ್ಕದಲ್ಲೇ ಹಾಕಿಸಿದ. ಮಕ್ಕಳಿಗೆ ಮೊಲಗಳಿಗಿಂತ ಗುಬ್ಬಚ್ಚಿಯೇ ಹೆಚ್ಚು ಇಷ್ಟವಾಯಿತು. ಚಿತ್ರಗಾರ ಮುದುಕನಾಗುವವರೆಗೂ ಆ ಭವನಕ್ಕೆ ಹೋಗಿ, ನೋಡುವವರ ನಡುವೆ ನಿಲ್ಲುತ್ತಿದ್ದ. ನಗದವರು ಒಬ್ಬರಾದರೂ ಬಂದಾರೆಂದು ಕಾಯುತ್ತಿದ್ದ. ಯಾರೂ ಬರಲಿಲ್ಲ.

ಮಹಾಲಿಂಗಯ್ಯನವರು ಕತೆ ನಿಲ್ಲಿಸಿದರು. ತೋಂಟೇಶ ಕೇಳಿದ:

"ಆದರೂ ಗುರುಗಳೇ, ಆ ಚಿತ್ರದಲ್ಲಿ ಸತ್ಯವಿತ್ತಲ್ಲವೇ?"

"ಇತ್ತು ತಮ್ಮಾ, ಆದರೆ ಅದನ್ನು ನಂಬಿ ಎದ್ದು ನಿಂತವಳಿಗೆ ಬರೆದವನೇ ಸಾಕ್ಷಿಗೆ ಸಿಗಲಿಲ್ಲ."