ಕುಲುಮೆಗೆ ಹೋದ ವೈದ್ಯ

“ಗುರುಗಳೇ, ಪಾಲಿಗೆ ಬಂದ ಕೆಲಸ ಒಂದಿರುವಾಗ ಮನಸ್ಸು ಇನ್ನೊಂದು ಕೆಲಸವನ್ನು ಬಯಸಿದರೆ ಅದು ತಪ್ಪೇ?” ಎಂದು ಶಿಷ್ಯ ಕೇಳಿದ.

ಈ ಶಿಷ್ಯನಿಗೆ ಮಠಕ್ಕೆ ಬಂದ ಜನರನ್ನು ಬೆಳಗಿನ ಹೊತ್ತು ಕೂರಿಸಿಕೊಂಡು ಧರ್ಮದ ಮಾತು ಹೇಳುವ ಕೆಲಸವಿತ್ತು. ಆರು ತಿಂಗಳಿಂದ ಅವನ ಮನಸ್ಸು ಕುಂಬಾರರ ಕೇರಿಯ ಕಡೆಗೆ ಓಡುತ್ತಿತ್ತು. ಮಧ್ಯಾಹ್ನ ಬಿಡುವಾದರೆ ಅಲ್ಲಿಗೆ ಹೋಗಿ ಚಕ್ರದ ಮುಂದೆ ಕೂರುತ್ತಿದ್ದ. ಅಲ್ಲಿ ಕೂತಾಗ ಮಠದ ಚಿಂತೆ, ಮಠದಲ್ಲಿ ಕೂತಾಗ ಮಣ್ಣಿನ ಚಿಂತೆ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ನಾಡಿ ನೋಡುವುದರಲ್ಲಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಅವನದು ದೊಡ್ಡ ಹೆಸರು. ರೋಗಿಯ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರೆ ಒಳಗಿನದೆಲ್ಲ ಅವನಿಗೆ ತಿಳಿಯುತ್ತದೆ ಎಂದು ಜನ ನಂಬಿದ್ದರು. ಬಹುಮಟ್ಟಿಗೆ ಅದು ನಿಜವೂ ಆಗಿತ್ತು. ಮನೆಯಲ್ಲಿ ಹೆಂಡತಿಯಿದ್ದಳು. ಒಬ್ಬಳೇ ಮಗಳನ್ನು ಒಳ್ಳೆಯ ಮನೆಗೆ ಮದುವೆ ಮಾಡಿ ಕೊಟ್ಟಿದ್ದ. ಕೊರತೆ ಎನ್ನುವಂಥದ್ದು ಏನೂ ಇರಲಿಲ್ಲ.

ಆದರೂ ಅವನೊಳಗೆ ಒಂದು ತಳಮಳವಿತ್ತು. ಅವನು ಕಷಾಯ ಕೊಡುತ್ತಿದ್ದ. ಕೆಲವರು ಗುಣವಾಗುತ್ತಿದ್ದರು, ಕೆಲವರು ಸಾಯುತ್ತಿದ್ದರು. ಗುಣವಾದವರು ತನ್ನ ಕಷಾಯದಿಂದ ಗುಣವಾದರೋ, ತಾವಾಗಿಯೇ ಚೇತರಿಸಿಕೊಂಡರೋ ಅವನಿಗೆ ಖಚಿತವಾಗಿ ತಿಳಿಯುತ್ತಿರಲಿಲ್ಲ. ಇಪ್ಪತ್ತೈದು ವರ್ಷ ದುಡಿದ ಮೇಲೂ, ಇದು ನಾನು ಮಾಡಿದ್ದು ಎಂದು ತೋರಿಸಲು ಅವನ ಬಳಿ ಒಂದು ವಸ್ತುವೂ ಇರಲಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೆ ಏಳುತ್ತಿದ್ದ. ಎದ್ದ ಮೇಲೆ ಎಲ್ಲಿಗೆ ಹೋಗಬೇಕೆಂದು ಅವನಿಗೇ ತಿಳಿಯುತ್ತಿರಲಿಲ್ಲ.

ಒಂದು ದಿನ ಊರಾಚೆ ಇದ್ದ ಕಮ್ಮಾರನ ಪಾದದ ಮೇಲೆ ಕೆಂಡ ಬಿದ್ದು ಸುಟ್ಟಿತು. ವೈದ್ಯ ಕುಲುಮೆಗೇ ಹೋಗಿ ಲೇಪ ಹಚ್ಚಿದ. ಕಮ್ಮಾರನ ಹೆಂಡತಿ ತಿದಿ ಒತ್ತುತ್ತಿದ್ದಳು. ಬೆಂಕಿಯಲ್ಲಿ ಒಂದು ಕಬ್ಬಿಣದ ಸರಳು ಕಾದು ಕೆಂಪಾಗಿತ್ತು. “ಬಣ್ಣ ಬಂತು” ಎಂದು ಅವಳು ಗಂಡನಿಗೆ ಹೇಳಿದಳು.

ಕಮ್ಮಾರ ಕೂತಲ್ಲಿಂದಲೇ ಹೇಳಿದ, “ವೈದ್ಯರೇ, ಕಬ್ಬಿಣ ಹದಕ್ಕೆ ಬಂದಿದೆ. ನನಗೆ ಏಳಲಾಗುವುದಿಲ್ಲ. ಬೇಸರವಿಲ್ಲದಿದ್ದರೆ ನಾಲ್ಕು ಏಟು ಹಾಕಿಬಿಡಿ.”

ವೈದ್ಯ ಸುತ್ತಿಗೆ ಎತ್ತಿದ. ಮೊದಲ ಏಟು ಅಡಿಗಲ್ಲಿಗೆ ಬಿತ್ತು. ಎರಡನೆಯದು ಕಬ್ಬಿಣಕ್ಕೆ ಬಿತ್ತು. ಕಬ್ಬಿಣ ಬಾಗಿತು. ಅವನು ಹೊಡೆದದ್ದರಿಂದಲೇ ಅದು ಬಾಗಿತು. ಅದರಲ್ಲಿ ಯಾವ ಅನುಮಾನವೂ ಇರಲಿಲ್ಲ.

ಮರುದಿನ ಗಾಯ ನೋಡುವ ನೆಪದಲ್ಲಿ ಹೋದ. ಗಾಯ ಮಾಗಿದ ಮೇಲೆ ನೆಪವಿಲ್ಲದೆ ಹೋದ. ಕಮ್ಮಾರ ಬೇಡವೆನ್ನಲಿಲ್ಲ. ಇಕ್ಕಳ ಹಿಡಿಯುವುದನ್ನು ಕಲಿಸಿದ, ಎಷ್ಟು ಕಾಯಿಸಬೇಕು, ಯಾವಾಗ ನೀರಿಗೆ ಅದ್ದಬೇಕು ಎಂಬುದನ್ನು ಕಲಿಸಿದ. ತಿಂಗಳು ತುಂಬುವಷ್ಟರಲ್ಲಿ ವೈದ್ಯ ಒಂದು ಕೊಕ್ಕೆ ಮಾಡಿದ. ಅದು ಸೊಟ್ಟಗಿತ್ತು. ಮನೆಗೆ ತಂದು ಹೆಂಡತಿಯ ಮುಂದಿಟ್ಟ. ಅವಳು ಅದನ್ನು ತಿರುಗಿಸಿ ನೋಡಿ ನಕ್ಕು, ಅಡುಗೆಮನೆಯ ತೊಲೆಗೆ ಹೊಡೆದು ಬೆಣ್ಣೆಯ ಗಡಿಗೆ ತೂಗುಹಾಕಿದಳು. ಅಂದು ಅವನು ಹೊಟ್ಟೆ ತುಂಬ ಉಂಡ.

ಅಲ್ಲಿಂದ ಮುಂದೆ ಬೆಳಕು ಹರಿಯುವ ಮೊದಲೇ ಅವನು ಕುಲುಮೆಯಲ್ಲಿರುತ್ತಿದ್ದ. ಬೇರು ಕೊಯ್ಯುವ ಕತ್ತಿ ಮಾಡಿದ. ಈಳಿಗೆ ಮಾಡಿದ. ಕುಡುಗೋಲು ಮಾಡಲು ಹೋಗಿ ಎರಡು ಸಲ ಕೆಡಿಸಿದ, ಮೂರನೆಯ ಸಲ ಬಂತು. ಮನೆಯ ಜಗುಲಿಯ ಮೇಲೆ ರೋಗಿಗಳು ಕಾಯುತ್ತಿದ್ದರು. ಅವನು ಮೈಯೆಲ್ಲ ಮಸಿ ಮಾಡಿಕೊಂಡು ಬಂದು, ಕೈ ತೊಳೆದು, ಅವಸರದಲ್ಲಿ ನಾಡಿ ಹಿಡಿಯುತ್ತಿದ್ದ.

“ಒಲೆ ಊದುವ ನನಗಿಂತ ನಿಮಗೇ ಮಸಿ ಜಾಸ್ತಿ” ಎಂದು ಹೆಂಡತಿ ಮೊದಮೊದಲು ತಮಾಷೆ ಮಾಡುತ್ತಿದ್ದಳು. ಆಮೇಲೆ, “ಇಬ್ಬರು ಕಾದು ಕಾದು ಎದ್ದು ಹೋದರು” ಎಂದಷ್ಟೇ ಹೇಳತೊಡಗಿದಳು.

ಅವನ ತಳಮಳ ಹೋಗಿರಲಿಲ್ಲ. ಜಾಗ ಬದಲಿಸಿತ್ತು, ಅಷ್ಟೇ. ಕುಲುಮೆಯಲ್ಲಿದ್ದಾಗ ಜಗುಲಿಯ ರೋಗಿಗಳು ನೆನಪಾಗುತ್ತಿದ್ದರು. ಜಗುಲಿಯಲ್ಲಿದ್ದಾಗ ಬೆಂಕಿಯಲ್ಲಿಟ್ಟು ಬಂದ ಕಬ್ಬಿಣ ನೆನಪಾಗುತ್ತಿತ್ತು.

ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಅವನು ಒಬ್ಬ ರೈತನ ಕೈ ಹಿಡಿದ. ಮೂರು ಬೆರಳೂ ಸರಿಯಾದ ಜಾಗದಲ್ಲೇ ಇದ್ದವು. ಆದರೆ ಅವನಿಗೆ ಏನೂ ತಿಳಿಯಲಿಲ್ಲ. ಬೆರಳ ತುದಿಗಳು ಕಿಡಿ ತಾಗಿ ತಾಗಿ ಗಟ್ಟಿಯಾಗಿದ್ದವು. ಸುತ್ತಿಗೆಯ ಅದುರು ಕೈಯಲ್ಲೇ ನಿಂತುಬಿಟ್ಟಿತ್ತು. ಒತ್ತಿ ಹಿಡಿದ. ಆಗ ಮಿಡಿತವೊಂದು ಸಿಕ್ಕಿತು. ಅದು ರೈತನದೋ ತನ್ನ ಬೆರಳಿನದೋ ಅವನಿಗೆ ಗೊತ್ತಾಗಲಿಲ್ಲ.

ರೈತ ಅವನ ಮುಖವನ್ನೇ ನೋಡುತ್ತಿದ್ದ. “ಪಿತ್ತ ಕೆರಳಿದೆ” ಎಂದು ವೈದ್ಯ ಹೇಳಿದ. ರೈತನ ಕಣ್ಣು ಹಳದಿಯಾಗಿತ್ತು. ಅಷ್ಟನ್ನು ಯಾರಾದರೂ ಹೇಳಬಹುದಿತ್ತು. ರೈತ ಕೈ ಮುಗಿದು ಹೋದ. ಅಂದಿನಿಂದ ವೈದ್ಯ ಹೀಗೆಯೇ ನಡೆಸಿದ. ಮುಖ ನೋಡುತ್ತಿದ್ದ, ನಾಲಿಗೆ ನೋಡುತ್ತಿದ್ದ, ನಾಲ್ಕು ಪ್ರಶ್ನೆ ಕೇಳುತ್ತಿದ್ದ. ಆಮೇಲೆ ಮಣಿಕಟ್ಟಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದ, ಏಕೆಂದರೆ ಜನ ಅದಕ್ಕೇ ಬರುತ್ತಿದ್ದರು. ಎರಡು ದಿನ ಕುಲುಮೆಗೆ ಹೋಗುವುದು ಬೇಡವೆಂದು ಮನೆಯಲ್ಲೇ ಉಳಿದ. ಮೂರನೆಯ ದಿನ ಕಾಲು ತಾನಾಗಿಯೇ ಆ ದಾರಿ ಹಿಡಿಯಿತು.

ಆ ಹೊತ್ತಿಗೆ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಏಳು ತಿಂಗಳಾಗಿತ್ತು. ಅವಳು ದಿನವೂ ಬೆಳಿಗ್ಗೆ ಅಪ್ಪನ ಮುಂದೆ ಕೂತು ಎಡಗೈ ಚಾಚುತ್ತಿದ್ದಳು. ಅವನು ಹಿಡಿದು, “ಚೆನ್ನಾಗಿದೆ” ಎನ್ನುತ್ತಿದ್ದ. ಅವಳು ನಂಬಿ ಏಳುತ್ತಿದ್ದಳು.

ಹೆಂಡತಿ ಒಂದು ದಿನ ಹೇಳಿದಳು, “ಅವಳ ಕಾಲು ಬಾತಿದೆ, ನೋಡಿದಿರಾ?”

“ಬಸುರಿಯರಿಗೆ ಬಾಯುವುದು ಇದ್ದದ್ದೇ.”

“ತಲೆನೋವು ಎನ್ನುತ್ತಾಳೆ. ಕಣ್ಣ ಮುಂದೆ ಮಿಂಚು ಹುಳ ಹಾರಿದ ಹಾಗಾಗುತ್ತದಂತೆ. ನಾಡಿ ಏನು ಹೇಳುತ್ತದೆ?”

“ಚೆನ್ನಾಗಿದೆ ಎಂದೆನಲ್ಲ!” ಎಂದು ಅವನು ದನಿ ಏರಿಸಿದ. ನಾಡಿಯ ವಿಷಯದಲ್ಲಿ ಹೆಂಡತಿ ಅವನಿಗೆ ಎಂದೂ ಎದುರಾಡಿದವಳಲ್ಲ.

ಅವನು ಪುನಃ ಮಗಳ ಕೈ ಹಿಡಿದ. ಬಲಗೈಯಿಂದ ಹಿಡಿದ, ಎಡಗೈಯಿಂದ ಹಿಡಿದ. ಕೈಗಳನ್ನು ಬಿಸಿನೀರಿನಲ್ಲಿ ಅದ್ದಿ, ಎಣ್ಣೆ ತಿಕ್ಕಿ ಹಿಡಿದ. ಅವನು ಎದ್ದು ನೇರವಾಗಿ ಕುಲುಮೆಗೆ ನಡೆದ. ಬೇರೆ ಎಲ್ಲಿಗೆ ಹೋಗಬೇಕೆಂದು ಅವನಿಗೆ ತೋಚಲಿಲ್ಲ.

ಅಲ್ಲಿ ಕಮ್ಮಾರ ಒಂದು ನೇಗಿಲ ಗುಳ ಕಾಯಿಸುತ್ತಿದ್ದ. ಹೊರಗೆ ತೆಗೆಯುವ ಮುಂಚೆ ಹೆಂಡತಿಯನ್ನು ಕೇಳಿದ, “ಬಣ್ಣ ಹೇಗಿದೆ?”

“ಇನ್ನೂ ಕಪ್ಪುಗೆಂಪು” ಎಂದಳು ಅವಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದ. “ಈಗ ಕಿತ್ತಳೆ” ಎಂದಳು. ಕಮ್ಮಾರ ತೆಗೆದು ಹೊಡೆದ.

ಈ ಮಾತನ್ನು ವೈದ್ಯ ದಿನವೂ ಕೇಳಿದ್ದ. ಗಂಡ ಹೆಂಡಿರ ನಡುವಿನ ಅಭ್ಯಾಸ ಎಂದುಕೊಂಡಿದ್ದ. ಅಂದು, “ಪ್ರತಿ ಸಲವೂ ಅವಳನ್ನು ಏಕೆ ಕೇಳುತ್ತೀಯೆ?” ಎಂದ.

“ಎರಡು ವರ್ಷದಿಂದ ಕಣ್ಣು ಮಂಜು, ವೈದ್ಯರೇ. ಬೆಂಕಿಯೊಳಗಿನ ಬಣ್ಣ ನನಗೆ ತಿಳಿಯುವುದಿಲ್ಲ. ಅವಳಿಗೆ ತಿಳಿಯುತ್ತದೆ.”

“ಕೇಳಲು ನಾಚಿಕೆಯಾಗಲಿಲ್ಲವೇ?”

“ಆಯಿತು. ಒಂದು ವಾರ ಕೇಳದೆ ಹೊಡೆದೆ. ಗುಳ ತೆಗೆದುಕೊಂಡು ಹೋದವನು ಹೊಲದ ನಡುವೆ ಮುರಿದುಕೊಂಡು ವಾಪಸು ಬಂದ. ಅವನ ಮುಖ ನೋಡಲಾಗಲಿಲ್ಲ.”

ವೈದ್ಯ ಎತ್ತಿದ ಸುತ್ತಿಗೆಯನ್ನು ಕೆಳಗಿಟ್ಟ. ಮನೆಗೆ ಬಂದು ಹೆಂಡತಿಯನ್ನು ಹಿತ್ತಿಲಿಗೆ ಕರೆದ. “ನನ್ನ ಬೆರಳಿಗೆ ಏನೂ ತಿಳಿಯುತ್ತಿಲ್ಲ. ಅವಳು ಬಂದಾಗಿನಿಂದಲೂ ತಿಳಿದಿಲ್ಲ” ಎಂದ.

ಅವಳು ಅಳಲಿಲ್ಲ, ಬೈಯಲಿಲ್ಲ. “ಗಾಡಿ ಕಟ್ಟಿ” ಎಂದಳು.

ಎರಡು ಹರಿದಾರಿ ಆಚೆಯ ಊರಿನಲ್ಲಿ ಇನ್ನೊಬ್ಬ ವೈದ್ಯನಿದ್ದ. ಹಿಂದೆ ಒಬ್ಬ ರೋಗಿಯ ವಿಷಯದಲ್ಲಿ ಇಬ್ಬರಿಗೂ ಮಾತು ಬೆಳೆದು, ಹನ್ನೊಂದು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ವೈದ್ಯ ಅವನ ಬಾಗಿಲಲ್ಲಿ ನಿಂತು, “ನನ್ನ ಮಗಳ ನಾಡಿ ನೋಡಬೇಕು, ನನ್ನಿಂದ ಆಗುತ್ತಿಲ್ಲ” ಎಂದ. ಅವನು ಔಷಧಿಯ ಗಂಟು ಎತ್ತಿಕೊಂಡು ಗಾಡಿ ಹತ್ತಿದ.

ಬಂದವನು ಮಗಳ ಕೈ ಹಿಡಿದು ಬಹಳ ಹೊತ್ತು ಕೂತ. ಹೊರಗೆ ಬಂದು ಕೇಳಿದ, “ಎಷ್ಟು ದಿನದಿಂದ ಹೀಗಿದೆ?”

“ಹದಿನೈದು ದಿನವಾಗಿರಬಹುದು.”

“ಅಷ್ಟು ದಿನ ನಾಡಿ ಏನು ಹೇಳಿತು?”

“ಅದು ಏನೋ ಹೇಳಿರಬೇಕು. ನನಗೆ ಕೇಳಿಸಲಿಲ್ಲ.”

ಬಂದ ವೈದ್ಯ ಹತ್ತು ದಿನ ಅಲ್ಲೇ ಉಳಿದ. ಉಪ್ಪು ಬಿಡಿಸಿದ, ಕತ್ತಲೆ ಕೋಣೆಯಲ್ಲಿ ಮಲಗಿಸಿದ, ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದ. ಒಂಬತ್ತನೆಯ ದಿನ ಹೆರಿಗೆಯಾಯಿತು. ಮಗು ಅಳಲಿಲ್ಲ. ಮಗಳು ಉಳಿದಳು. ಮೊದಲೇ ಕರೆದಿದ್ದರೆ ಮಗು ಉಳಿಯುತ್ತಿತ್ತೇ ಎಂದು ವೈದ್ಯ ಕೇಳಿದ. “ಅದು ನನಗೆ ಗೊತ್ತಿಲ್ಲ” ಎಂದು ಹೇಳಿ ಅವನು ಗಾಡಿ ಹತ್ತಿದ.

ಮೈ ಸುಧಾರಿಸಿದ ಮೇಲೆ ಮಗಳು ಗಂಡನ ಮನೆಗೆ ಹೊರಟಳು. ಹೊರಡುವಾಗ ಅಪ್ಪನ ಮುಂದೆ ಕೂತು, ಎಂದಿನಂತೆ ಎಡಗೈ ಚಾಚಿದಳು. ಅವನು ಮುಟ್ಟಲು ಹಿಂದೆಗೆದ. ಅವಳೇ ಅವನ ಬೆರಳುಗಳನ್ನು ಎತ್ತಿ ತನ್ನ ಮಣಿಕಟ್ಟಿನ ಮೇಲೆ ಇಟ್ಟುಕೊಂಡಳು.

“ಏನು ಹೇಳುತ್ತದೆ, ಅಪ್ಪಾ?”

“ತಿಳಿಯುವುದಿಲ್ಲ, ಮಗಳೇ.”

“ಅವತ್ತೂ ಇಷ್ಟೇ ಹೇಳಬಹುದಿತ್ತು” ಎಂದು ಅವಳು ಎದ್ದಳು.

ಮರುದಿನ ವೈದ್ಯ ಊರಿನ ಮೇಲೆ ಹೊರಟ. ಬೆರಳು ಸತ್ತ ಮೇಲೆ ಯಾರ ಯಾರ ಕೈ ಹಿಡಿದಿದ್ದನೋ ಅವರ ಮನೆಗಳಿಗೆ ಒಂದೊಂದಾಗಿ ಹೋದ. ಪ್ರತಿ ಮನೆಯಲ್ಲೂ, “ಆ ದಿನ ನಿಮ್ಮ ನಾಡಿ ನನಗೆ ತಿಳಿದಿರಲಿಲ್ಲ. ಊಹಿಸಿ ಹೇಳಿದೆ” ಎಂದ. ಒಬ್ಬ ಮುದುಕಿ, “ಗುಣವಾಯಿತಲ್ಲ, ಬಿಡಪ್ಪ. ಮಜ್ಜಿಗೆ ಕುಡಿದು ಹೋಗು” ಎಂದಳು. ಕೆಲವರು ನಕ್ಕರು. ಒಬ್ಬ ಬೈದ. ಒಂದು ಮನೆಯಲ್ಲಿ ಆ ದಿನಗಳಲ್ಲಿ ಅಪ್ಪ ತೀರಿಕೊಂಡಿದ್ದ. ಆ ಮನೆಯ ಮಗ ಪೂರ್ತಿ ಕೇಳಿಸಿಕೊಂಡು, ಬಾಗಿಲು ಹಾಕಿಕೊಂಡ. ವೈದ್ಯ ಆ ಬಾಗಿಲ ಮುಂದೆ ತುಂಬ ಹೊತ್ತು ನಿಂತಿದ್ದ.

ಬಹಳ ತಿಂಗಳು ಅವನು ಕುಲುಮೆಯ ಕಡೆ ತಲೆ ಹಾಕಲಿಲ್ಲ. ಎರಡು ಬೆರಳಿಗೆ ಮೊದಲಿನ ತಿಳಿವು ಮರಳಿತು. ಉಂಗುರದ ಬೆರಳಿಗೆ ಮರಳಲಿಲ್ಲ. ಬೆರಳಿನ ಜೊತೆಗೆ ಹಳೆಯ ತಳಮಳವೂ ಮರಳಿತು. ಊಟದ ನಡುವೆ ಏಳುವುದನ್ನು ಹೆಂಡತಿ ನೋಡಿದಳು.

“ಹೋಗಿ ಬನ್ನಿ” ಎಂದಳು. “ಹೋದ ದಿನ ಯಾರ ಕೈಯನ್ನೂ ಹಿಡಿಯಬೇಡಿ.”

ಅವನು ವಾರಕ್ಕೆ ಒಂದು ದಿನ ಹೋಗತೊಡಗಿದ. ಆ ದಿನ, ಅದರ ಮರುದಿನ ಜಗುಲಿಗೆ ಯಾರಾದರೂ ಬಂದರೆ, “ಇವತ್ತು ನನ್ನ ಕೈಗೆ ತಿಳಿಯುವುದಿಲ್ಲ, ಎರಡು ದಿನ ಬಿಟ್ಟು ಬನ್ನಿ. ಅವಸರವಾದರೆ ಪಕ್ಕದ ಊರಿನ ವೈದ್ಯರ ಹತ್ತಿರ ಹೋಗಿ” ಎನ್ನುತ್ತಿದ್ದ. ಹೋದವರಲ್ಲಿ ಅರ್ಧ ಜನ ಮರಳಿ ಬರಲಿಲ್ಲ. ಅವನ ಹೆಸರು ಮೊದಲಿನಷ್ಟು ದೊಡ್ಡದಾಗಿ ಉಳಿಯಲಿಲ್ಲ. ಪೂರ್ತಿ ನೆಮ್ಮದಿಯೂ ಅವನಿಗೆ ಕೊನೆಯವರೆಗೆ ಸಿಗಲಿಲ್ಲ. ಹೀಗೆಯೇ ಬದುಕಿದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಸ್ವಲ್ಪ ಸಡಿಲವಾಯಿತು. “ಹಾಗಾದರೆ ಅವನು ಕುಲುಮೆಗೆ ಹೋದದ್ದು ತಪ್ಪಲ್ಲ. ನಾನೂ ಕುಂಬಾರರ ಕೇರಿಗೆ ಹೋಗಬಹುದಲ್ಲವೇ, ಗುರುಗಳೇ?” ಎಂದ.

ಗುರುಗಳು ಹೇಳಿದರು, “ಹೋಗಬಹುದು, ಆದರೆ ಮಗನನ್ನು ಕಳೆದುಕೊಂಡು ಬಂದ ಆ ಹೆಂಗಸಿಗೆ ಇವತ್ತು ಬೆಳಿಗ್ಗೆ ಸಾವಿನ ಬಗ್ಗೆ ಅಷ್ಟೆಲ್ಲ ಹೇಳಿದೆಯಲ್ಲ, ಅದರಲ್ಲಿ ನಿನಗೆ ತಿಳಿದಿದ್ದದ್ದು ಎಷ್ಟು?”