ಹಾಡದ ವೈರು

ಎಲೆಕ್ಟ್ರಿಕ್ ಗಿಟಾರಿನ ದಪ್ಪ ತಂತಿಗೆ ಬಲು ಜಂಭ. ಒಳಗಿದ್ದ ಅರ್ಥಿಂಗ್ ವೈರಿಗೆ ಅದು ದಿನವೂ, "ಒಂದು ಸ್ವರವನ್ನೂ ನುಡಿಯದವನಿಗೆ ಇಲ್ಲೇನು ಕೆಲಸ?" ಎನ್ನುತ್ತಿತ್ತು.

ಒಂದು ದಿನ ಆ ವೈರಿನ ಬೆಸುಗೆ ಬಿಟ್ಟಿತು. ಮೀಟದಿದ್ದರೂ ಗಿಟಾರು ಗುಂಯ್‌ಗುಡತೊಡಗಿತು.

"ಈ ತಂತಿಗಳನ್ನೆಲ್ಲ ಕಿತ್ತು ಬಿಸಾಡಿ," ಎಂದ ಗಿಟಾರಿನ ಯಜಮಾನ. ದಪ್ಪ ತಂತಿಯ ಜೀವ ಬಾಯಿಗೆ ಬಂತು.

ರಿಪೇರಿಯ ಪಿಂಟೋ ತಂತಿಗಳ ಮೇಲೆ ಅಂಗೈ ಇಟ್ಟ. ಗುಂಯ್ ನಿಲ್ಲಲಿಲ್ಲ. ಕೇಬಲ್ ಸಿಕ್ಕಿಸುವ ಜಾಕಿನ ಲೋಹವನ್ನು ಮುಟ್ಟಿದ, ತಟ್ಟನೆ ನಿಂತಿತು.

"ತಂತಿಗಳದ್ದೇನೂ ತಪ್ಪಿಲ್ಲ ಮಾರಾಯ್ರೆ, ಒಳಗೆ ಅರ್ಥಿಂಗ್ ಬಿಟ್ಟಿದೆ," ಎಂದವನೇ ವೈರನ್ನು ಬೆಸೆದ.

ಗುಂಯ್ ಅಡಗಿತು. ದಪ್ಪ ತಂತಿ ಮೆಲ್ಲಗೆ ಕರೆಯಿತು: "ಅಣ್ಣಾ, ಇದ್ದೀಯಾ?"

ಎಂದಿನಂತೆ ಒಳಗಿನಿಂದ ಒಂದು ಸದ್ದೂ ಬರಲಿಲ್ಲ. ತಂತಿಗೆ ಹೋದ ಜೀವ ಬಂದಂತಾಯಿತು.